ಲಿಫ್ಟಕ್ಕನ ನಲವತ್ತೊಂದು ಮೆಮೊಗಳು

ಇಪ್ಪತ್ತೆರಡು ವರ್ಷ ಸರಕಾರಿ ನೌಕರಿ ಮಾಡಿಯೂ ಒಂದೇ ಒಂದು ಮೆಮೊ ಪಡೆಯದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಸರಕಾರಿ ದೊಡ್ಡಾಸ್ಪತ್ರೆಯ ಲಿಫ್ಟಕ್ಕ ಅಂಥವಳಾಗಿದ್ದಳು. ತಡವಾಗಿ ಬಂದದ್ದಕ್ಕೆ ಒಂದು, ಎದುರು ಮಾತಾಡಿದ್ದಕ್ಕೆ ಒಂದು, ಊಟಕ್ಕೆ ಹೋಗಿ ನಾಪತ್ತೆಯಾದದ್ದಕ್ಕೆ ಒಂದು ಎಂದು ಆ ಆಸ್ಪತ್ರೆಯಲ್ಲಿ ಎಲ್ಲರ ಕಡತದಲ್ಲೂ ಮೆಮೊ ಬಿದ್ದಿತ್ತು. ಇವಳ ಕಡತ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ, ಬೇರೆ ಜಂಬ ಪಡುವುದಕ್ಕೆ ಅವಳ ಹತ್ತಿರ ಏನಿತ್ತು?

ಐದು ಅಂತಸ್ತಿನ ಆ ಕಟ್ಟಡಕ್ಕೆ ಇದ್ದದ್ದು ಒಂದೇ ಲಿಫ್ಟು. ಮಂಚ ಸಮೇತ ರೋಗಿಯನ್ನು ನೂಕಬಹುದಾದಷ್ಟು ಅಗಲ, ಎಳೆದರೆ ಕಿರ್ರೋ ಎನ್ನುವ ಕಬ್ಬಿಣದ ಜಾಲರಿ ಬಾಗಿಲು, ಮೂಲೆಯಲ್ಲಿ ಒಂದು ಸ್ಟೂಲು. ಸ್ಟೂಲಿನ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ ರಿಜಿಸ್ಟರು. ಅದರಲ್ಲಿ ಎರಡು ಕಾಲಂ: ಮೇಲಕ್ಕೆ ಎಷ್ಟು ಜನ, ಕೆಳಕ್ಕೆ ಎಷ್ಟು ಜನ. ಕಂಕುಳಲ್ಲಿರುವ ಕೂಸನ್ನೂ ಅವಳು ಒಂದು ಎಂದೇ ಎಣಿಸುತ್ತಿದ್ದಳು. ಹೆರಿಗೆಗೆ ಒಬ್ಬಳಾಗಿ ಮೇಲೆ ಹೋದವಳು ಇಬ್ಬರಾಗಿ ಕೆಳಗೆ ಬಂದ ದಿನ ಅಕ್ಷರಗಳು ಒಂದಿಷ್ಟು ದುಂಡಗೆ ಬೀಳುತ್ತಿದ್ದವು. ಬರೆಯದೆ ಲಿಫ್ಟಿನ ಗುಂಡಿ ಒತ್ತಿದ್ದೇ ಇಲ್ಲ.

ಅವಳ ಗಂಡ ನೂಲಿನ ಮಿಲ್ಲಿನಲ್ಲಿ ಫಿಟ್ಟರ್. ಬಾಯಿ ಬಡುಕ, ಆದರೆ ಹೊಟ್ಟೆಯಲ್ಲಿ ಕಲ್ಮಷವಿಲ್ಲದ ಮನುಷ್ಯ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇವರಿಬ್ಬರೇ. ಅವನ ಸಂಬಳ ಬಾಡಿಗೆಗೆ ಮತ್ತು ದಿನಸಿಗೆ, ಇವಳ ಸಂಬಳ ಉಳಿದದ್ದಕ್ಕೆಲ್ಲ.

ಆ ವರ್ಷ ಬಜೆಟ್ಟಿನಲ್ಲಿ ಸರಕಾರ ತೆರಿಗೆ ಇಳಿಸಿತು. ದುಡಿಯುವ ಕುಟುಂಬಗಳ ಮೇಲಿನ ಹೊರೆ ಕಡಿಮೆ ಮಾಡಿದ್ದೇವೆ ಎಂದು ರೇಡಿಯೊದಲ್ಲಿ ಮೂರು ದಿನ ಹೇಳಿದ್ದೇ ಹೇಳಿದ್ದು. ಫಿಟ್ಟರ್ ಕಾಗದ ಪೆನ್ಸಿಲ್ ಹಿಡಿದು ಕೂತು ಲೆಕ್ಕ ಹಾಕಿದ. ಅವರ ಮನೆಗೆ ವರ್ಷಕ್ಕೆ ಇಪ್ಪತ್ತನಾಲ್ಕು ರೂಪಾಯಿ ಉಳಿಯುತ್ತಿತ್ತು. ಅವತ್ತೇ ಅಂಗಡಿಗೆ ಹೋಗಿ ತಲಾ ಹನ್ನೆರಡರ ಎರಡು ವಾಸನೆ ಸೋಪು ತಂದ.

"ನೋಡೇ, ಸರಕಾರ ನಮಗೆ ಕೊಟ್ಟಿದ್ದು," ಎಂದು ಹೆಂಡತಿಯ ಕೈಗಿಟ್ಟ.

"ಸರಕಾರ ಯಾಕ್ರೀ ಕೊಡುತ್ತೆ, ನಿಮ್ಮ ದುಡ್ಡೇ ಅಲ್ವಾ," ಎಂದಳು ಲಿಫ್ಟಕ್ಕ. ಆದರೂ ಸೋಪನ್ನು ಬಚ್ಚಲಿಗೆ ಇಡಲು ಮನಸ್ಸು ಬರದೆ ಸೀರೆಗಳ ನಡುವೆ ಇಟ್ಟಳು.

ಈ ಕಡೆ ಸೋಪು ಬಂತು, ಆ ಕಡೆ ಆಸ್ಪತ್ರೆಗೆ ಸುತ್ತೋಲೆ ಬಂತು. ತೆರಿಗೆ ಕಡಿಮೆಯಾದ್ದರಿಂದ ಲಿಫ್ಟಿನ ಕರೆಂಟಿಗೆ ಇಟ್ಟ ಹಣ ಇನ್ನು ಮುಂದೆ ಅರ್ಧ. ಸ್ಟ್ರೆಚರ್ ಹಿಡಿಯುವ ನಾಲ್ಕು ಜನರಲ್ಲಿ ಮೂವರಿಗೆ ಮನೆ ದಾರಿ. ಲೆಕ್ಕದ ಸಾಹೇಬರು ಲಿಫ್ಟಕ್ಕನನ್ನು ಕರೆಸಿದರು. ಕೆಟ್ಟವರೇನಲ್ಲ ಪಾಪ, ಕಾಗದದಲ್ಲಿ ಇಲ್ಲದ್ದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ. ಅವರ ಮೇಜಿನ ಮೇಲೆ ಅವಳದೇ ರಿಜಿಸ್ಟರು ತೆರೆದುಕೊಂಡಿತ್ತು.

"ಎಷ್ಟು ಅಚ್ಚುಕಟ್ಟಾಗಿ ಬರ್ದಿದ್ದೀಯಮ್ಮ," ಎಂದರು. "ನಿನ್ನಿಂದ ನನ್ನ ಕೆಲಸ ಹಗುರ ಆಯ್ತು. ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ. ಒಂದು ಕಾಲಂ ಹೊಡೆದುಹಾಕಿದರೆ ಖರ್ಚು ಸರಿಯಾಗಿ ಅರ್ಧ. ನಾಳೆಯಿಂದ ಲಿಫ್ಟು ಮೇಲಕ್ಕೆ ಮಾತ್ರ."

"ಸಾರ್, ಮೇಲೆ ಹೋದ ಲಿಫ್ಟು ಮತ್ತೆ ಕೆಳಗೆ ಬರಬೇಕಲ್ಲ?"

"ಖಾಲಿ ಬರಲಿ. ಖಾಲಿ ಬಂದರೆ ನೀನು ಬರೀತೀಯಾ?"

"ಜನ ಇಲ್ಲದಿದ್ದರೆ ಏನು ಬರೀಲಿ ಸಾರ್."

"ಮತ್ತೆ? ಬರೀದೇ ಇದ್ದದ್ದಕ್ಕೆ ಖರ್ಚು ಎಲ್ಲಿಂದ ಬರುತ್ತೆ?" ಸಾಹೇಬರು ಕೆಳಕ್ಕೆ ಎಂಬ ಕಾಲಂ ಮೇಲೆ ಸ್ಕೇಲು ಇಟ್ಟು ಕೆಂಪು ಗೆರೆ ಎಳೆದರು. "ಜನರನ್ನ ಇಳಿಸಿದ ತಿಂಗಳು ಕರೆಂಟಿನ ಖರ್ಚು ನಿನ್ನ ಸಂಬಳದಿಂದ ವಸೂಲಿ. ಅದರ ಜೊತೆ ಮೆಮೊ. ನನ್ನ ಬೈಕೋಬೇಡ, ನಿಯಮ ಹಾಗಿದೆ."

ಅಲ್ಲ, ಇಂಥ ಲೆಕ್ಕ ಮಾಡುವವರಿಗೆ ಏನು ಹೇಳುವುದು ಹೇಳಿ. ಲಿಫ್ಟಕ್ಕ ತಲೆ ಕೆರೆದುಕೊಂಡು ಹೊರಗೆ ಬಂದಳು. ಮರುದಿನದಿಂದ ಲಿಫ್ಟು ತುಂಬಿಕೊಂಡು ಮೇಲೆ ಹೋಗಿ ಅವಳೊಬ್ಬಳನ್ನೇ ಕೂರಿಸಿಕೊಂಡು ಕೆಳಗೆ ಬರತೊಡಗಿತು. ಅವಳು ಜನರ ಲೆಕ್ಕದಲ್ಲಿ ಬರುತ್ತಿರಲಿಲ್ಲ, ಯಂತ್ರದ ಲೆಕ್ಕದಲ್ಲಿ ಬರುತ್ತಿದ್ದಳು.

ಕಾಲು ನೆಟ್ಟಗಿದ್ದವರು ಬೈದುಕೊಂಡು ಮೆಟ್ಟಿಲಿಳಿದರು. ಐದನೇ ಅಂತಸ್ತು ಮಾತ್ರ ಮೂಳೆ ಮುರಿದವರದು. ಅಲ್ಲಿ ಡಿಸ್ಚಾರ್ಜ್ ಆದವರು ಇಳಿಯುವುದು ಹೇಗೆ? ಸೊಂಟದಿಂದ ಪಾದದ ತನಕ ಪ್ಲಾಸ್ಟರ್ ಹಾಕಿಸಿಕೊಂಡವರ ಕಾಲು ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಅಡ್ಡ ಬೀಳುತ್ತಿತ್ತು, ಉಳಿದ ಒಬ್ಬನೇ ಸ್ಟ್ರೆಚರಿನವನು ಸ್ಟ್ರೆಚರಿನ ಒಂದೇ ತುದಿ ಹಿಡಿಯಬಲ್ಲ. ಹಾಗಾಗಿ ಅವರೆಲ್ಲ ಅಲ್ಲೇ ಉಳಿದರು. ಕಾಗದದ ಮೇಲೆ ಮನೆಗೆ ಹೋದವರಿಗೆ ಆಸ್ಪತ್ರೆ ಊಟ ಹಾಕುತ್ತದೆಯೇ? ಮನೆಯವರೇ ಡಬ್ಬಿ ತಂದರು. ಮೊದಲು ಐದು ಜನ, ಆಮೇಲೆ ಹನ್ನೆರಡು, ಆಮೇಲೆ ಮೂವತ್ತು. ಕೈ ಮುರಿದು ಬಂದಿದ್ದ ಕ್ಷೌರಿಕನ ಕೈ ವಾಸಿಯಾಗಿ, ಅವನು ದಿನಾ ಮೆಟ್ಟಿಲು ಹತ್ತಿ ಬಂದು ಕಿಟಕಿ ಪಕ್ಕ ಕನ್ನಡಿ ತೂಗುಹಾಕಿದ. ಕಾಲಿಗೆ ಸರಳು ಹಾಕಿಸಿಕೊಂಡ ಶಾಲೆಯ ಮೇಡಮ್ಮೊಬ್ಬರು ನೋಡಲು ಬಂದ ಮಕ್ಕಳಿಗೆ ಅಲ್ಲೇ ಮಗ್ಗಿ ಹೇಳಿಕೊಟ್ಟರು. ವಾರದ ವರದಿಯಲ್ಲಿ ಐದನೇ ಅಂತಸ್ತಿನ ಮಂಚಗಳೆಲ್ಲ ಖಾಲಿ ಎಂದಿತ್ತು. ಇಷ್ಟು ಬೇಗ ಎಲ್ಲರನ್ನೂ ಗುಣಪಡಿಸಿದ್ದಕ್ಕೆ ಆಸ್ಪತ್ರೆಗೆ ಮೇಲಿನಿಂದ ಪ್ರಶಂಸಾಪತ್ರ ಬಂತು. ಅದನ್ನು ಚೌಕಟ್ಟು ಹಾಕಿಸಿ ನೆಲ ಅಂತಸ್ತಿನಲ್ಲಿ ತೂಗುಹಾಕಿದರು.

ಖಾಲಿ ಇಳಿಯುವಾಗ ಲಿಫ್ಟಕ್ಕ ಜಾಲರಿಯ ಕಡೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಆದರೂ ನಿಯಮ ನಿಯಮವೇ ಎಂದುಕೊಂಡು ಗುಂಡಿ ಒತ್ತುತ್ತಿದ್ದಳು. ಫಿಟ್ಟರ್ ಏಣಿಯಿಂದ ಬೀಳುವ ತನಕ.

ಅವತ್ತು ಮಿಲ್ಲಿನವರು ಅವನನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ತಂದಾಗ ಅವಳು ಮೊದಲು ಜಾಲರಿ ಬಾಗಿಲು ಎಳೆದಳು. ಆಮೇಲೆ ಬರೆದಳು: ಮೇಲಕ್ಕೆ, ಒಂದು. ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಸೊಂಟದಿಂದ ಬೆರಳ ತುದಿಯ ತನಕ ಪ್ಲಾಸ್ಟರ್ ಬಂತು, ಮೂವತ್ತೈದನೇ ದಿನ ಡಿಸ್ಚಾರ್ಜ್ ಚೀಟಿಯೂ ಬಂತು. ಮಿಲ್ಲಿನಿಂದಲೂ ಒಂದು ಕಾಗದ ಬಂತು. ಸೋಮವಾರ ಬೆಳಗ್ಗೆ ಎಂಟಕ್ಕೆ ಹಾಜರಾದರೆ ಕೂತು ಮಾಡುವ ಕೆಲಸ ಕೊಡುತ್ತೇವೆ, ಬಾರದಿದ್ದರೆ ಹೆಸರು ತೆಗೆದುಹಾಕುತ್ತೇವೆ ಎಂದಿತ್ತು. ಹೆಸರು ಹೋದರೆ ಸಂಬಳ ಹೋಯಿತು, ಸಂಬಳ ಹೋದರೆ ಬಾಡಿಗೆ ಮನೆ ಹೋಯಿತು. ಸೋಮವಾರಕ್ಕೆ ಇನ್ನು ಐದೇ ದಿನ.

"ಏನೇ, ಲಿಫ್ಟು ನಡೆಸೋಳು ನೀನೇ ತಾನೇ," ಎಂದ ಫಿಟ್ಟರ್ ಮಂಚದ ಮೇಲಿಂದ. "ಯಾರೂ ಇಲ್ಲದಾಗ ನನ್ನ ಇಳಿಸಿಬಿಡು."

"ಬರೀಬೇಕಲ್ರೀ."

"ಬರೀಬೇಡ."

"ಬರೀದೆ ಯಾವತ್ತಾದ್ರೂ ಗುಂಡಿ ಒತ್ತಿದ್ದೀನಾ?"

"ಹಾಗಾದ್ರೆ ಬರಿ."

"ಬರೆದ್ರೆ ಎಲ್ಲರನ್ನೂ ಬಿಟ್ಟು ನಿಮ್ಮನ್ನ ಇಳಿಸಿದೆ ಅಂತ ಬರೆದ ಹಾಗಾಗುತ್ತೆ. ಇಲ್ಲಿ ಮೂವತ್ತು ಜನ ನನ್ನೇ ನೋಡ್ತಿದ್ದಾರೆ. ಯಾವ ಮುಖ ಇಟ್ಕೊಂಡು ಮತ್ತೆ ಈ ಬಾಗಿಲು ತೆಗೀಲಿ?"

ಫಿಟ್ಟರ್ ಡಿಸ್ಚಾರ್ಜ್ ಚೀಟಿಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟ. ಅದನ್ನು ನೋಡಿ ಅವಳಿಗೆ ಅಳು ಬಂತು. ಸೀರೆಯ ನಡುವಿನಿಂದ ತಂದಿದ್ದ ಒಂದು ಸೋಪಿನಿಂದ ಅವನ ಮುಖ ಕೈ ತೊಳೆದು, ಮೆಟ್ಟಿಲಿಳಿಯದೆ ಯಂತ್ರದ ಲೆಕ್ಕದಲ್ಲಿ ಲಿಫ್ಟಿನಲ್ಲೇ ಇಳಿದು, ನೇರ ಲೆಕ್ಕದ ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ನಿಯಮದ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ತಿರುವಿದರು. "ಜನ ಇಳಿಯೋ ಹಾಗಿಲ್ಲ. ಸಾಮಾನು ಇಳೀಬಹುದು. ಕೆಟ್ಟುಹೋದ ಮಂಚ ಹರಾಜಿಗೆ ಇಳಿಸೋದಕ್ಕೆ ಅಡ್ಡಿ ಇಲ್ಲ," ಎಂದರು. "ನಿನ್ನ ಗಂಡ ಮಲಗಿರೋ ಮಂಚ ಖಾಲಿ ಅಂತ ದಾಖಲೆ ಇದೆ. ಅದರ ಒಂದು ಚಕ್ರ ಕಿತ್ತುಹೋಗಿದೆಯಂತೆ."

"ಅವರು ಮೇಲೆ ಮಲಗಿದ್ದಾರಲ್ಲ ಸಾರ್."

"ದಾಖಲೆಯಲ್ಲಿ ಮಲಗಿಲ್ಲ. ಆದರೆ ಒಂದು ಮಾತು. ಹರಾಜಿನ ಸಾಮಾನು ಇದ್ದಲ್ಲಿ ಇದ್ದ ಹಾಗೇ ಹೋಗಬೇಕು. ಅದರಿಂದ ಒಂದು ಸ್ಕ್ರೂ ತೆಗೆದರೂ ಕಳ್ಳತನ. ಹರಾಜಿಗೆ ಮುಂಚೆ ನಿನ್ನ ಗಂಡ ಅದರ ಮೇಲಿಂದ ಏಳೋ ಹಾಗಿಲ್ಲ."

ಏಳುವುದಕ್ಕೆ ಅವನಿಗೆ ಆಗಬೇಕಲ್ಲ. ಅಂತೂ ಶನಿವಾರ ಬೆಳಗ್ಗೆ ಮಂಚ ಇಳಿಯಿತು, ಮೇಲೆ ಫಿಟ್ಟರ್ ಸಮೇತ. ಅವಳು ರಿಜಿಸ್ಟರಿನಲ್ಲಿ ಕೆಟ್ಟುಹೋದ ಮಂಚ, ಒಂದು ಎಂದು ಬರೆದಳು. ಬರೆದದ್ದು ಸುಳ್ಳಲ್ಲ, ಆದರೂ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತನ್ನ ಅಕ್ಷರ ನೋಡಿ ಅವಳಿಗೆ ನಾಚಿಕೆಯಾಯಿತು.

ಹಿತ್ತಲಿನಲ್ಲಿ ಹರಾಜು. ಒಂದು ಕಡೆ ತುಕ್ಕು ಹಿಡಿದ ಬೀರು, ಮುರಿದ ಫ್ಯಾನು, ನಾಲ್ಕು ಬಕೆಟ್ಟು, ಕೊನೆಗೆ ಫಿಟ್ಟರ್ ಮಲಗಿದ್ದ ಮಂಚ. ಉಗ್ರಾಣದವನು ಮಂಚದ ಕಾಲಿಗೆ ಚೀಟಿ ಕಟ್ಟಿದ. ಮೇಲೆ ಐದನೇ ಅಂತಸ್ತಿನ ಕಿಟಕಿಗಳಲ್ಲಿ ಮೂವತ್ತು ತಲೆಗಳು ಕಂಡವು. ಲಿಫ್ಟಕ್ಕ ಇದ್ದಬದ್ದ ಡಬ್ಬಿಯನ್ನೆಲ್ಲ ಕೊಡವಿ ತಂದದ್ದು ಇನ್ನೂರೈವತ್ತು. ಹಳೇ ಮಂಚಕ್ಕೆ ಯಾರು ಬರುತ್ತಾರೆ ಎಂದುಕೊಂಡಿದ್ದಳು. ಆದರೆ ಗುಜರಿಯವನು ಬಂದಿದ್ದ. ಅವನು ಸಾಮಾನಿನ ಮೇಲ್ಗಡೆ ಏನಿದೆ ಎಂದು ಯಾವತ್ತೂ ನೋಡಿದವನಲ್ಲ, ಬಗ್ಗಿ ಕಬ್ಬಿಣ ತಟ್ಟಿ ನೋಡುವವನು.

"ಐವತ್ತು," ಎಂದಳು ಲಿಫ್ಟಕ್ಕ.

"ನೂರು," ಎಂದ ಗುಜರಿಯವನು.

"ನೂರಿಪ್ಪತ್ತು."

"ನೂರೈವತ್ತು."

ಅಷ್ಟು ಹೊತ್ತು ಮುಖ ಮುಚ್ಚಿಕೊಂಡಿದ್ದ ಫಿಟ್ಟರ್ ಹೊದಿಕೆ ಸರಿಸಿದ. ತನ್ನ ಬೆಲೆ ಏರುತ್ತಿರುವುದು ಅವನಿಗೆ ಒಳಗೊಳಗೇ ಹಿಗ್ಗು ತಂದಿತ್ತು. ಮಿಲ್ಲಿನಲ್ಲಿ ಎಂಟು ವರ್ಷದಿಂದ ಅವನಿಗೆ ಯಾರೂ ಏನೂ ಏರಿಸಿರಲಿಲ್ಲ.

"ಇನ್ನೂರಕ್ಕೆ ಕಮ್ಮಿ ಬಿಡಬೇಡಿ," ಎಂದ ಉಗ್ರಾಣದವನಿಗೆ.

"ರೀ, ಬಾಯಿ ಮುಚ್ಕೊಂಡು ಮಲಗಿ. ದುಡ್ಡು ಕೊಡೋಳು ನಾನು," ಎಂದಳು ಲಿಫ್ಟಕ್ಕ. ಇನ್ನೂರು ಎಂದಳು, ಅವನು ಇನ್ನೂರಿಪ್ಪತ್ತು ಎಂದ, ಇವಳು ಇನ್ನೂರನಲವತ್ತು ಎಂದಳು. ಇನ್ನು ಅವಳ ಹತ್ತಿರ ಉಳಿದದ್ದು ಹತ್ತೇ. ಗುಜರಿಯವನು ಇನ್ನೊಂದು ಸಲ ಬಾಯಿ ತೆರೆದರೆ ಕತೆ ಮುಗಿಯುತ್ತಿತ್ತು.

"ತಡೀರಿ," ಎಂದ ಉಗ್ರಾಣದವನು ಪಟ್ಟಿ ನೋಡುತ್ತಾ. "ಉದ್ದೇಶದ ಕಾಲಂ ಬಿಟ್ಟುಹೋಗಿತ್ತು. ಕೊಂಡ ಸಾಮಾನು ಯಾವುದಕ್ಕೆ ಅಂತ ಇಬ್ಬರೂ ಹೇಳಬೇಕು."

"ಕರಗಿಸೋದಕ್ಕೆ," ಎಂದ ಗುಜರಿಯವನು.

"ನಿಮಗೆ, ಅಕ್ಕ?"

"ಮನೇಲಿ ಇರೋದಕ್ಕೆ."

"ಮನೇಲಿ ಇದ್ದು ಏನು ಕೆಲಸ ಮಾಡುತ್ತೆ? ಅದೂ ಬರೀಬೇಕು."

ಲಿಫ್ಟಕ್ಕ ಮಂಚದ ಕಂಬಿ ಹಿಡಿದುಕೊಂಡಳು. "ಏನೂ ಮಾಡೋದು ಬೇಡ," ಎಂದಳು. "ಸಂಜೆ ನಾನು ಬಾಗಿಲು ತೆಗೆದಾಗ ಒಳಗಿಂದ 'ಬಂದ್ಯಾ' ಅನ್ನಬೇಕು. ಮೂವತ್ತೆಂಟು ದಿನ ಆಯ್ತು, ನಾನು ಮನೆಗೆ ಬಂದದ್ದು ಯಾರಿಗೂ ಗೊತ್ತಾಗಿಲ್ಲ."

ಗುಜರಿಯವನು ಮೊದಲ ಸಲ ತಲೆ ಎತ್ತಿ ಮಂಚದ ಮೇಲೆ ನೋಡಿದ. ಫಿಟ್ಟರ್ ಹೊದಿಕೆಯನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡಿದ್ದ, ಅದು ಅಲುಗಾಡುತ್ತಿತ್ತು. "ನನಗೆ ಬೇಡ, ಅಕ್ಕನಿಗೇ ಹೋಗಲಿ," ಎಂದು ಗುಜರಿಯವನು ಬಕೆಟ್ಟುಗಳ ಕಡೆ ನಡೆದ. ಒಂದು ಸಲ, ಎರಡು ಸಲ, ಮೂರು ಸಲ ಆಗಿ ಲಿಫ್ಟಕ್ಕನ ಗಂಡ ಲಿಫ್ಟಕ್ಕನ ಪಾಲಾದ.

"ಇನ್ನೂರನಲವತ್ತು," ಎಂದು ಬರೆದುಕೊಂಡರು ಹರಾಜಿನ ಮೇಜಿನ ಹಿಂದೆ ಕೂತಿದ್ದ ಲೆಕ್ಕದ ಸಾಹೇಬರು. "ಅದರ ಮೇಲೆ ತೆರಿಗೆ ಇಪ್ಪತ್ತನಾಲ್ಕು."

ವರ್ಷಕ್ಕೆ ಉಳಿಯಬೇಕಾಗಿದ್ದ ಇಪ್ಪತ್ತನಾಲ್ಕು ಹೀಗೆ ಸರಿಯಾಗಿ ಸರಕಾರದ ಮನೆಗೇ ವಾಪಸ್ ಹೊರಟಿತು. ಲಿಫ್ಟಕ್ಕನ ಕೈಯಲ್ಲಿ ಹದಿನಾಲ್ಕು ಕಡಿಮೆಯಿತ್ತು. ಚೀಲ ತಡಕಿದಳು, ಸಿಕ್ಕಿದ್ದು ಬಿಚ್ಚದ ಇನ್ನೊಂದು ಸೋಪು. ತೆರಿಗೆಯನ್ನು ಸೋಪಿನಲ್ಲಿ ತೆಗೆದುಕೊಳ್ಳಲು ಬರುವುದಿಲ್ಲ ಎಂದರು ಸಾಹೇಬರು, ಕಟ್ಟದಿದ್ದರೆ ಮಂಚ ವಾಪಸ್ ಉಗ್ರಾಣಕ್ಕೆ, ಮುಂದಿನ ಹರಾಜು ಬರುವ ತಿಂಗಳು.

ಆಗ ಮೇಲಿಂದ ಏನೋ ತೊಪ್ಪೆಂದು ಬಿತ್ತು. ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿದ ಒಂದು ನಾಣ್ಯ. ಯಾರ ತಲೆಗೂ ಪೆಟ್ಟಾಗದಿರಲಿ ಎಂದು ಮೇಡಮ್ಮು ಸುತ್ತಿ ಎಸೆದಿದ್ದರು. ಹಿಂದೆಯೇ ಇನ್ನೊಂದು, ಹತ್ತಿಯಲ್ಲಿ ಸುತ್ತಿದ ಮತ್ತೊಂದು, ಆಮೇಲೆ ಕೆಳಗಿನ ಅಂತಸ್ತುಗಳ ಕಿಟಕಿಗಳಿಂದಲೂ ಬೀಳತೊಡಗಿದವು. ಉಗ್ರಾಣದವನು ಹರಾಜಿನ ಬಕೆಟ್ಟನ್ನೇ ಹಿಡಿದು ಓಡಾಡಿ ಆಯ್ದ. ಸಾಹೇಬರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಬಟ್ಟೆ ಬಿಚ್ಚಿ ಎಣಿಸಿದರು. ನಾನೂರ ಇಪ್ಪತ್ತಾರು. ಹದಿನಾಲ್ಕು ತೆರಿಗೆಗೆ ಹೋಗಿ ನಾನೂರ ಹನ್ನೆರಡು ಉಳಿಯಿತು.

ಉಳಿದದ್ದನ್ನು ಸಾಹೇಬರು ಇನ್ನೊಮ್ಮೆ ಎಣಿಸಿದರು. "ಜನರನ್ನ ಕೆಳಗೆ ಇಳಿಸೋ ಕರೆಂಟು ಇಡೀ ತಿಂಗಳಿಗೆ ನಾನೂರು," ಎಂದರು ಮೆಲ್ಲಗೆ. "ಇಷ್ಟಕ್ಕೇನಾ ನಾವು..."

"ಹಾಗಾದ್ರೆ ಇದನ್ನ ಅದಕ್ಕೇ ಹಾಕಿಬಿಡಿ ಸಾರ್," ಎಂದಳು ಲಿಫ್ಟಕ್ಕ.

"ಯಾವ ಬಾಬತ್ತಿಗೆ ಹಾಕಲಿ? ಜನ ತಾವಾಗೇ ಕೊಟ್ಟ ದುಡ್ಡಿಗೆ ನಮ್ಮ ಪುಸ್ತಕದಲ್ಲಿ ಬಾಬತ್ತೇ ಇಲ್ಲ." ಅವರು ನಾಣ್ಯಗಳನ್ನು ಲಕೋಟೆಗೆ ತುಂಬಿ, ಅಂಟಿಸಿ, ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದರು.

ಸೋಮವಾರ ಬೆಳಗ್ಗೆ ಏಳಕ್ಕೆ ಲಿಫ್ಟಕ್ಕ ಮೂರು ಚಕ್ರದ ಮಂಚವನ್ನು ದಾರಿಯುದ್ದಕ್ಕೂ ನೂಕಿಕೊಂಡು ಹೋಗಿ ಗಂಡನನ್ನು ಮಿಲ್ಲಿನ ಬಾಗಿಲಲ್ಲಿ ಇಳಿಸಿದಳು. ಎಂಟು ಹೊಡೆಯಲು ಐದು ನಿಮಿಷವಿತ್ತು. ಅವನ ಹೆಸರು ಉಳಿಯಿತು. ಅಲ್ಲಿಂದ ಆಸ್ಪತ್ರೆಗೆ ಬಂದು, ಲಿಫ್ಟನ್ನು ಐದನೇ ಅಂತಸ್ತಿಗೆ ಒಯ್ದು, ಜಾಲರಿ ಬಾಗಿಲು ಎಳೆದಳು. ಮೂವತ್ತು ಜನ ನೋಡುತ್ತಿದ್ದರು. ಶನಿವಾರ ಬಟ್ಟೆಯಲ್ಲಿ ನಾಣ್ಯ ಸುತ್ತಿ ಎಸೆದವರು ಇವರೇ. ಅವಳು ಸ್ಟೂಲಿನ ಮೇಲೆ ಕೂತು, ಸ್ಕೇಲು ತೆಗೆದು, ರಿಜಿಸ್ಟರಿನಲ್ಲಿ ಕೆಂಪು ಗೆರೆಯ ಪಕ್ಕ ಹೊಸ ಕಾಲಂ ಎಳೆದಳು.

"ಬನ್ನಿ," ಎಂದಳು. "ಒಬ್ಬೊಬ್ಬರಾಗಿ."

"ಬರೀತೀಯೇನಮ್ಮ?" ಎಂದು ಮೇಡಮ್ಮು ಕೇಳಿದರು.

"ಬರೀದೆ ಇರೋಕಾಗುತ್ತಾ."

ಮಧ್ಯಾಹ್ನದ ಹೊತ್ತಿಗೆ ಐದನೇ ಅಂತಸ್ತು ಕಾಗದದಲ್ಲಿ ಮಾತ್ರವಲ್ಲ, ನಿಜವಾಗಿಯೂ ಖಾಲಿಯಾಗಿತ್ತು. ಮೂವತ್ತು ಸಾಲುಗಳು. ಒಂದೊಂದರ ಮುಂದೆಯೂ ಬರೆದಿತ್ತು: ಕೆಳಕ್ಕೆ, ಒಂದು. ಉದ್ದೇಶ: ಮನೇಲಿ ಇರೋದಕ್ಕೆ. ಅಂದಿನಿಂದ ಆ ತಿಂಗಳಿಡೀ ದಿನಾ ಇಳಿಸಿದಳು, ದಿನಾ ಬರೆದಳು.

ತಿಂಗಳ ಕೊನೆಗೆ ಸಾಹೇಬರು ಕರೆಸಿದರು. ಲಿಫ್ಟಕ್ಕ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಹೋದಳು. ಅವರು ಒಂದು ಕಾಗದ ಕೊಟ್ಟರು. ಅವಳ ಜೀವನದ ಮೊದಲ ಮೆಮೊ. ನಿಯಮ ಮೀರಿ ಜನರನ್ನು ಕೆಳಗೆ ಇಳಿಸಿದ್ದಕ್ಕೆ ನಾನೂರು ವಸೂಲಿ ಎಂದಿತ್ತು.

"ಅಳಬೇಡಮ್ಮ," ಎಂದರು ಸಾಹೇಬರು. ಮುಖ ಮಾತ್ರ ಎಂದೂ ಇಲ್ಲದಷ್ಟು ಹಗುರವಾಗಿತ್ತು. "ಪ್ರೀತಿಯಿಂದ ಕೊಟ್ಟದ್ದಕ್ಕೆ ಬಾಬತ್ತಿಲ್ಲ. ತಪ್ಪು ಮಾಡಿದ ನೌಕರರಿಂದ ವಸೂಲಿ ಅಂತ ಬಾಬತ್ತಿದೆ. ಮೂರು ದಿನ ಹುಡುಕಿದೆ, ಇದೊಂದೇ ದಾರಿ." ಬೀಗ ತೆಗೆದು ಲಕೋಟೆ ಒಡೆದರು, ನಾನೂರು ಎಣಿಸಿ ರಸೀದಿ ಹರಿದರು, ಉಳಿದ ಹನ್ನೆರಡನ್ನು ಅವಳ ಮುಂದೆ ಸರಿಸಿದರು. "ನೀನು ಪ್ರತಿ ತಿಂಗಳೂ ತಪ್ಪು ಮಾಡ್ತಾ ಇದ್ದರೆ ಲಿಫ್ಟು ಇಳೀತಾ ಇರುತ್ತೆ. ನನ್ನ ಕೈಲಿ ಆಗೋದು ಇಷ್ಟೇ."

ಲಿಫ್ಟಕ್ಕ ತಪ್ಪು ಮಾಡುತ್ತಲೇ ಹೋದಳು. ಸ್ಟೂಲಿನ ಕೆಳಗೆ ತನ್ನ ಹಳೇ ಊಟದ ಡಬ್ಬಿ ಇಟ್ಟಳು. ಇಳಿಯುವವರು ಬ್ಯಾಂಡೇಜ್ ಚೂರಿನಲ್ಲಿ ಸುತ್ತಿದ ನಾಣ್ಯ ಅದರಲ್ಲಿ ಹಾಕುತ್ತಿದ್ದರು, ಇಲ್ಲದವರು ಸುಮ್ಮನೆ ಇಳಿಯುತ್ತಿದ್ದರು. ಗುಜರಿಯವನೂ ತಿಂಗಳಿಗೊಮ್ಮೆ ಬಂದು, ಸುಮ್ಮನೆ ಮೇಲೆ ಹೋಗಿ ಕೆಳಗೆ ಬಂದು, ಹತ್ತು ಹಾಕಿ ಹೋಗುತ್ತಿದ್ದ. ತಿಂಗಳಿಗೊಂದು ಮೆಮೊ. ತೊಳೆದಿಟ್ಟ ತಟ್ಟೆಯಂತಿದ್ದ ಕಡತ ದಿಂಬಿನಷ್ಟು ದಪ್ಪವಾಯಿತು. ಫಿಟ್ಟರ್ ಕುಂಟುತ್ತಾ ನಡೆಯುವಂತಾದ ಮೇಲೆ ಮೆಮೊಗಳ ನಕಲುಗಳನ್ನು ಮನೆಯ ಗೋಡೆಗೆ ಸಾಲಾಗಿ ಅಂಟಿಸತೊಡಗಿದ.

ನಿವೃತ್ತಿಯಾಗುವವರಿಗೆ ಕೊಡುವ ಸನ್ನಡತೆಯ ಪತ್ರ ಅವಳಿಗೆ ಸಿಗಲಿಲ್ಲ. ನಲವತ್ತು ಮೆಮೊ ಇದ್ದವರಿಗೆ ಯಾರು ಕೊಡುತ್ತಾರೆ? ಪಿಂಚಣಿಯಲ್ಲೂ ಒಂದಿಷ್ಟು ಕಡಿತವಾಯಿತು. ಅದರ ಆದೇಶವನ್ನು ಬರೆದವರು ಲೆಕ್ಕದ ಸಾಹೇಬರೇ, ಬರೆಯುವಾಗ ಎರಡು ಸಲ ಕನ್ನಡಕ ಒರೆಸಿಕೊಂಡರಂತೆ.

ಕೊನೆಯ ದಿನ ಐದು ಗಂಟೆ ಹೊಡೆದಾಗ ಅವಳು ಐದನೇ ಅಂತಸ್ತಿನಲ್ಲಿದ್ದಳು. ಐದು ಹೊಡೆಯಿತು ಎಂದರೆ ನೌಕರಿ ಮುಗಿಯಿತು. ಇನ್ನು ಅವಳು ಯಂತ್ರದ ಲೆಕ್ಕದಲ್ಲಿ ಬರುವುದಿಲ್ಲ, ಜನರ ಲೆಕ್ಕ. ಲಿಫ್ಟಕ್ಕ ರಿಜಿಸ್ಟರು ತೆಗೆದಳು. ಕೆಳಕ್ಕೆ, ಒಂದು. ಉದ್ದೇಶ: ಮನೇಲಿ ಇರೋದಕ್ಕೆ. ಡಬ್ಬಿಗೆ ನಾಣ್ಯ ಹಾಕಿ ಗುಂಡಿ ಒತ್ತಿದಳು.

ನಲವತ್ತೊಂದನೆಯ ಮೆಮೊ ಟಪಾಲಿನಲ್ಲಿ ಮನೆಗೇ ಬಂತು. ಅವಳು ಅಂಗಡಿಯಿಂದ ಬರುವಷ್ಟರಲ್ಲಿ ಫಿಟ್ಟರ್ ಅದನ್ನು ಗೋಡೆಗೆ ಅಂಟಿಸಿದ್ದ. ಬಾಗಿಲು ತೆಗೆದ ಸದ್ದು ಕೇಳಿ ಒಳಗಿಂದಲೇ ಕೂಗಿದ.

"ಬಂದ್ಯಾ?"

"ಬಂದೆ," ಎಂದಳು ಲಿಫ್ಟಕ್ಕ.